ಯಾರೋ ಕಟ್ಟಿದ ವಿಮಾನ ಕೊಳ್ಳುವ ಮುನ್ನ: ಆರ್‌ವಿ, ಲಾಂಗ್-ಈಜಿ, ಕಿಟ್‌ಫಾಕ್ಸ್

ಹೋದ ಚಳಿಗಾಲದಲ್ಲಿ ಟೆಕ್ಸಾಸ್‌ನಲ್ಲಿರುವ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಬಿಳಿ ಮೈ, ಉದ್ದಕ್ಕೂ ಕೆಂಪು ಪಟ್ಟಿ, ಫಳಫಳ ಹೊಳೆಯುವ ಆರ್‌ವಿ-6ಎ ಎಂಬ ಎರಡು ಸೀಟಿನ ವಿಮಾನ. ಕೆಳಗೆ ಒಂದೇ ಸಾಲು: "ಗುರು, ತಗೊಂಡುಬಿಡ್ಲಾ?"

ಅವನಿಗೆ ಪೈಲಟ್ ಲೈಸೆನ್ಸ್ ಬಂದು ಎರಡು ವರ್ಷ. ಅಲ್ಲಿಂದ ಇಲ್ಲಿಯವರೆಗೂ ಬಾಡಿಗೆಯ ಸೆಸ್ನಾ 172ರಲ್ಲೇ ಹಾರಿದವನು. ಸೆಸ್ನಾ 120 ನಾಟ್ (ಗಂಟೆಗೆ ಸುಮಾರು 220 ಕಿ.ಮೀ.) ಮುಟ್ಟಲು ಏದುಸಿರು ಬಿಡುವ ಹೊತ್ತಿಗೆ ಈ ಪುಟ್ಟ ವಿಮಾನ 155–160 ನಾಟ್‌ನಲ್ಲಿ ಆರಾಮಾಗಿ ಹೋಗುತ್ತಿರುತ್ತದೆ. ಆಸೆ ಹುಟ್ಟದಿದ್ದರೇ ಆಶ್ಚರ್ಯ.

"ಬಣ್ಣ ಚೆನ್ನಾಗಿದೆ. ಕಟ್ಟಿದ್ದು ಯಾರು?" ಎಂದು ಕೇಳಿದೆ.

"ವ್ಯಾನ್ಸ್ ಕಂಪನಿದು ಮಾರಾಯ, ಗೊತ್ತಿಲ್ವಾ?"

ಎಡವುವುದು ಇಲ್ಲೇ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1973ರಲ್ಲಿ ಶುರು ಮಾಡಿದ ವ್ಯಾನ್ಸ್ ಏರ್‌ಕ್ರಾಫ್ಟ್, ಆರೆಗಾನ್ ರಾಜ್ಯದ ಅರೋರಾದಿಂದ ಆರ್‌ವಿಗಳ ಅಲ್ಯೂಮಿನಿಯಂ ತಗಡು, ರಿವೆಟ್ಟು, ನಕ್ಷೆ ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಕಿಟ್ ಆಗಿ ಕಳಿಸುತ್ತದೆ, ಅಷ್ಟೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ಕಲಿಕೆಗೋ ಖುಷಿಗೋ ಮಾಡಿರಬೇಕು ಎನ್ನುವುದು ಅಮೆರಿಕದ ನಿಯಮ. ಅದಕ್ಕೇ ಇದನ್ನು 51 ಪರ್ಸೆಂಟ್ ರೂಲ್ ಎನ್ನುತ್ತಾರೆ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ ದಾಖಲೆಯಲ್ಲಿ 'ತಯಾರಕ' ಎಂಬ ಜಾಗದಲ್ಲಿ ಸಾಮಾನ್ಯವಾಗಿ ಇರುವುದೂ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ರಿವೆಟ್ ಹೊಡೆದ ಆ ಮನುಷ್ಯನ ಹೆಸರೇ. ಒಂದೇ ಬೇಳೆ, ಒಂದೇ ಹುಣಸೆಹಣ್ಣು ಕೊಟ್ಟರೂ ಎರಡು ಮನೆಯ ಸಾರು ಒಂದೇ ರುಚಿ ಇರುವುದಿಲ್ಲವಲ್ಲ, ಹಾಗೆ. ಹಾಗಾಗಿ ಈ ಹೋಲಿಕೆಯಲ್ಲಿ ಮಾಡೆಲ್‌ಗಳ ಮಾತು ಬಂದರೂ ನನ್ನ ಲೆಕ್ಕದಲ್ಲಿ ಮೊದಲು ಕಟ್ಟಿದವನು, ಆಮೇಲೆ ಮಾಡೆಲ್. ಬಣ್ಣ ಲೆಕ್ಕಕ್ಕೇ ಇಲ್ಲ.

ಭುಜದ ಹಿಂದಿನ ಕವಾಟ

ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದು 1997ರ ಅಕ್ಟೋಬರ್ 12ರಂದು, ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಬಳಿ, ವಿಮಾನ ಸಮುದ್ರಕ್ಕೆ ಬಿದ್ದು. ಅವರು ಹಾರಿಸುತ್ತಿದ್ದದ್ದು ಬೇರೊಬ್ಬರು ಕಟ್ಟಿದ ಲಾಂಗ್-ಈಜಿ ಎಂಬ ಎರಡು ಸೀಟಿನ ವಿಮಾನ. ವಿಮಾನ ಕೈಗೆ ಬಂದು ಒಂದು ದಿನವಾಗಿತ್ತು.

ಇದರ ವಿನ್ಯಾಸಕಾರ ಬರ್ಟ್ ರುಟಾನ್ ಬರೆದ ನಕ್ಷೆಯಲ್ಲಿ ಎರಡು ಟ್ಯಾಂಕುಗಳ ನಡುವೆ ಇಂಧನ ಬದಲಿಸುವ ಕವಾಟ ಪೈಲಟ್‌ನ ಕಾಲುಗಳ ನಡುವೆ, ಕಣ್ಣೆದುರಿಗೆ ಇರಬೇಕು. ಇದನ್ನು ಕಟ್ಟಿದವರು ಅದನ್ನು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ಪೆಟ್ರೋಲ್ ಪೈಪು ಕಾಕ್‌ಪಿಟ್ ಒಳಗೆ ಬರುವುದು ಬೇಡ ಎಂಬುದು ಅವರ ಆಲೋಚನೆ. ಅದು ಹುಚ್ಚು ಆಲೋಚನೆಯೇನಲ್ಲ. ಆದರೆ ಆ ಹಿಡಿ ತಿರುಗಿಸಬೇಕಾದರೆ ಪೈಲಟ್ ಸೀಟಿನಲ್ಲೇ ಹಿಂದಕ್ಕೆ ಹೊರಳಬೇಕು, ಹೊರಳುವಾಗ ಬಲಗಾಲು ತಾನಾಗಿ ವಿಮಾನದ ಮೂಗು ತಿರುಗಿಸುವ ರಡರ್ ಪೆಡಲನ್ನು ಒತ್ತುವ ಸಾಧ್ಯತೆ ಇತ್ತು. ಹಿಡಿಯ ಮೇಲೆ ಗುರುತಿರಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸುವ ಗಾಜಿನ ಗೇಜು ಹಿಂದಿನ ಸೀಟಿನ ಪಕ್ಕ, ಅದರಲ್ಲೂ ಅಳತೆಯ ಗೆರೆಗಳಿಲ್ಲ. ಆ ದಿನ ಹೊರಡುವ ಮುಂಚೆ ಮೆಕ್ಯಾನಿಕ್ ಜೊತೆ ಇದೇ ಹಿಡಿಯ ಬಗ್ಗೆ ಮಾತಾಗಿತ್ತು, ಕೈಗೆ ಎಟುಕಲೆಂದು ಇಕ್ಕಳ ಹಾಕಿ ನೋಡಿದ್ದರು, ಗೇಜು ಕಾಣಲೆಂದು ಕನ್ನಡಿಯನ್ನೂ ಕೊಟ್ಟಿದ್ದರು. ಪೆಟ್ರೋಲ್ ಬೇಕಾ ಎಂದರೆ ಡೆನ್ವರ್ ಬೇಡವೆಂದರು.

ಅಪಘಾತಗಳನ್ನು ತನಿಖೆ ಮಾಡುವ ಎನ್‌ಟಿಎಸ್‌ಬಿ ಕಾರಣಗಳ ಪಟ್ಟಿಯಲ್ಲಿ ಕವಾಟ ಇಟ್ಟ ಜಾಗವನ್ನೂ ಸೇರಿಸಿತು, ಹೊಸ ವಿಮಾನದ ಮೇಲೆ ತಕ್ಕ ತರಬೇತಿ ಇಲ್ಲದ್ದನ್ನೂ ಸೇರಿಸಿತು. ಅದೇ ಸಂಸ್ಥೆ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರತಂದಿತು. 2011ರಲ್ಲಿ ಅಪಘಾತಕ್ಕೆ ಸಿಕ್ಕಿದ ಇಂಥ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೆಕೆಂಡ್ ಹ್ಯಾಂಡ್ ಕೊಂಡವು. ಕಟ್ಟಿ ಮುಗಿಸಿದ ಹೊಸತರಲ್ಲಿ ಎಷ್ಟು ಅಪಾಯವೋ, ಕೈ ಬದಲಾದ ಹೊಸತರಲ್ಲೂ ಹತ್ತಿರ ಹತ್ತಿರ ಅಷ್ಟೇ. ಗೆಳೆಯನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಮೊದಲು ಕಾಗದ

ನಮ್ಮವರು ಹಲವರು ಮರೆಯುವ ಸಂಗತಿ ಒಂದಿದೆ: ಎಚ್-1ಬಿ ವೀಸಾದಲ್ಲಿರುವವರು ಅಮೆರಿಕದಲ್ಲಿ ತಮ್ಮ ಹೆಸರಿಗೆ ನೇರವಾಗಿ ವಿಮಾನ ನೋಂದಾಯಿಸಿಕೊಳ್ಳಲು ಆಗುವುದಿಲ್ಲ. ಪೌರತ್ವವೋ ಗ್ರೀನ್ ಕಾರ್ಡೋ ಬೇಕು. ಇಲ್ಲದವರು ಟ್ರಸ್ಟ್ ಮೂಲಕ ಮಾಡಿಸುತ್ತಾರೆ, ಅದಕ್ಕೆ ವರ್ಷ ವರ್ಷ ಖರ್ಚು. ಮುಂಗಡ ಕೊಡುವ ಮುಂಚೆ ಇದು ಇತ್ಯರ್ಥವಾಗಲಿ.

ಎರಡನೆಯದು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ. ಕಟ್ಟಿದವನಿಗೆ ಆ ಒಂದು ವಿಮಾನಕ್ಕೆ ಮಾತ್ರ ಸಲ್ಲುವ ರಿಪೇರ್‌ಮನ್ ಸರ್ಟಿಫಿಕೇಟ್ ಸಿಗುತ್ತದೆ. ತಾನೇ ತಪಾಸಣೆ ಮಾಡಿ ತಾನೇ ಸಹಿ ಹಾಕುತ್ತಾನೆ. ವಿಮಾನ ಮಾರಿದರೆ ಆ ಹಕ್ಕು ನಿಮಗೆ ಬರುವುದಿಲ್ಲ. ಎಣ್ಣೆ ಬದಲಿಸಿ, ಬ್ರೇಕ್ ಹಾಕಿ, ರೇಡಿಯೊ ಕಿತ್ತು ಹೊಸದು ಕೂರಿಸಿ, ಯಾರೂ ಕೇಳುವುದಿಲ್ಲ. ವಾರ್ಷಿಕ ಸಹಿಗೆ ಮಾತ್ರ ಸಾಮಾನ್ಯವಾಗಿ ಎ ಅಂಡ್ ಪಿ (ವಿಮಾನದ ಮೈ, ಎಂಜಿನ್ ಎರಡಕ್ಕೂ ಸಲ್ಲುವ) ಲೈಸೆನ್ಸ್ ಇರುವ ಮೆಕ್ಯಾನಿಕ್ ಬಾಗಿಲು ತಟ್ಟಬೇಕು. ಮನೆಯಲ್ಲಿ ಕಟ್ಟಿದ್ದನ್ನು ಮುಟ್ಟಲು ಒಪ್ಪದ ಮೆಕ್ಯಾನಿಕ್‌ಗಳೂ ಇದ್ದಾರೆ. ನಿಮ್ಮ ಏರ್‌ಪೋರ್ಟಿನಲ್ಲಿ ಒಪ್ಪುವವರು ಯಾರಿದ್ದಾರೆಂದು ಮೊದಲೇ ವಿಚಾರಿಸಿ.

ಮೂರನೆಯದು ಆಪರೇಟಿಂಗ್ ಲಿಮಿಟೇಶನ್ಸ್, ಅಂದರೆ ಹಾರಾಟದ ಮಿತಿಗಳನ್ನು ಬರೆದ ಕೆಲವು ಹಾಳೆ. ಇದು ಹಾರಾಟದ ಯೋಗ್ಯತಾ ಪತ್ರದ ಭಾಗವೇ, ವಿಮಾನದಲ್ಲೇ ಇರಬೇಕು. ಕಳೆದುಹೋಗಿದ್ದರೆ ಹಾರುವಂತಿಲ್ಲ. ಬಾಡಿಗೆಗೆ ಜನರನ್ನು ಹತ್ತಿಸುವಂತಿಲ್ಲ ಎಂಬುದು ನಿಯಮದಲ್ಲೇ ಇದೆ. ಬೇರೆ ದೇಶಕ್ಕೆ ಹಾರಿಸಬೇಕೆಂದರೆ ಆ ದೇಶದ ಒಪ್ಪಿಗೆ ಬೇಕು. ಪ್ರೊಪೆಲರ್, ಎಂಜಿನ್ ತರಹದ ದೊಡ್ಡ ಬದಲಾವಣೆ ಆಗಿದ್ದರೆ ಆಮೇಲೆ ಮತ್ತೆ ಪರೀಕ್ಷಾ ಹಾರಾಟ ಮಾಡಿ ಲಾಗ್‌ಬುಕ್‌ನಲ್ಲಿ ಬರೆದಿದ್ದಾರಾ ನೋಡಿ. ಬದಲಾವಣೆ ಕಣ್ಣಿಗೆ ಕಂಡು, ಬರಹ ಕಾಣದಿದ್ದರೆ ಆ ಮಾಲೀಕ ಇನ್ನೇನೇನು ಬರೆಯದೆ ಬಿಟ್ಟಿದ್ದಾನೋ.

ಆರ್‌ವಿ ಮನೆತನ

ಹನ್ನೊಂದು ಸಾವಿರಕ್ಕೂ ಹೆಚ್ಚು ಆರ್‌ವಿಗಳು ಹಾರಿವೆ. ಬಿಡಿಭಾಗ ಸಿಗುತ್ತದೆ, ತಿಳಿದವರು ಸಿಗುತ್ತಾರೆ, ಮತ್ತೆ ಮಾರಬೇಕಾದರೆ ಗಿರಾಕಿಯೂ ಸಿಗುತ್ತಾನೆ. ಮೊದಲ ಸಲ ಕೊಳ್ಳುವವರಿಗೆ ನಾನು ಇದರಾಚೆ ನೋಡಲು ಹೇಳುವುದೇ ಕಡಿಮೆ.

ಪಕ್ಕಪಕ್ಕ ಕೂರುವ ಎರಡು ಸೀಟಿನವುಗಳಲ್ಲಿ ಆರ್‌ವಿ-6 ಹಿರಿಯ. 80ರ ದಶಕದ ಕೊನೆಯಲ್ಲಿ, 90ರ ದಶಕದಲ್ಲಿ ಕಟ್ಟಿದವರು ಹೆಚ್ಚು ತೂತುಗಳನ್ನು ತಾವೇ ಅಳೆದು ಕೊರೆಯಬೇಕಿತ್ತು, ಮರದ ಚೌಕಟ್ಟು ಮಾಡಿಕೊಂಡು ತಗಡನ್ನು ನೇರ ನಿಲ್ಲಿಸಬೇಕಿತ್ತು. ಕೈಚಳಕ ಇದ್ದವನ ಆರ್‌ವಿ-6 ಮುತ್ತಿನಂತಿರುತ್ತದೆ. ಇಲ್ಲದವನದು ಕೈಬಿಟ್ಟರೆ ಒಂದು ಕಡೆಗೆ ವಾಲುತ್ತದೆ. 2000ದ ಆಚೀಚೆ ಬಂದ ಆರ್‌ವಿ-7 ಮತ್ತು 9ರಲ್ಲಿ ತೂತುಗಳು ಕಾರ್ಖಾನೆಯಲ್ಲೇ ಕರಾರುವಾಕ್ಕಾಗಿ ಕೊರೆದು ಬರುತ್ತವೆ. ಕಟ್ಟಿದವನು ತಪ್ಪು ಮಾಡಲು ಜಾಗ ಕಡಿಮೆ. ಕಾಸು ಇದ್ದರೆ ಈ ಒಂದು ಕಾರಣಕ್ಕೇ 7 ಅಥವಾ 9ಕ್ಕೆ ಹೋಗಿ.

7ಕ್ಕೂ 9ಕ್ಕೂ ನಡುವೆ? ಆರ್‌ವಿ-7 ಪಲ್ಟಿ ಹೊಡೆಯುವ ಕಸರತ್ತಿಗೆ ಒಗ್ಗಿದ್ದು, 200 ಅಶ್ವಶಕ್ತಿಯವರೆಗಿನ ಎಂಜಿನ್ ಹಿಡಿಸುತ್ತದೆ, ರೆಕ್ಕೆಯ ಹರವು 25 ಅಡಿ. ಆರ್‌ವಿ-9ರ ರೆಕ್ಕೆ 28 ಅಡಿ, ಸಪೂರ. ಕಸರತ್ತು ಮಾಡುವಂತಿಲ್ಲ, ಆದರೆ ನಿಧಾನಕ್ಕೆ ಇಳಿಯುತ್ತದೆ, ಕಡಿಮೆ ಎಂಜಿನ್‌ನಲ್ಲೇ ದೂರ ಹೋಗುತ್ತದೆ. ಆಸ್ಟಿನ್‌ನಿಂದ ಡಲ್ಲಾಸ್‌ಗೆ ನೆಂಟರ ಮನೆಗೆ ಹೋಗಿ ಬರುವವರಿಗೆ 9 ಸಾಕು. "ಒಂದು ದಿನ ಪಲ್ಟಿ ಹೊಡೆಯಬಹುದು" ಎಂದು 7 ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಆ ದಿನ ಬರುವುದೇ ಇಲ್ಲ.

ಈ 6, 7, 9ರ ಹೆಸರಿನ ಕೊನೆಗೆ 'ಎ' ಇದ್ದರೆ ಮೂಗಿನ ಕೆಳಗೆ ಚಕ್ರ; ಇಲ್ಲದಿದ್ದರೆ ಬಾಲದ ಕೆಳಗೆ. ಬಾಲದ ಚಕ್ರದ್ದಕ್ಕೆ ಬೇರೆ ಎಂಡಾರ್ಸ್‌ಮೆಂಟ್ (ಇನ್‌ಸ್ಟ್ರಕ್ಟರ್ ಲಿಖಿತ ಒಪ್ಪಿಗೆ) ಬೇಕು, ಇನ್ಶೂರೆನ್ಸ್ ದುಬಾರಿ. ಹಾಗಂತ 6ಎ, 7ಎ, 9ಎಗಳ ಮೂಗಿನ ಕಾಲು ಗಟ್ಟಿಮುಟ್ಟು ಎಂದುಕೊಳ್ಳಬೇಡಿ. ಉಬ್ಬುತಗ್ಗಿನ ಹುಲ್ಲಿನ ರನ್‌ವೇಯಲ್ಲಿ ಅದು ಒಳಕ್ಕೆ ಮಡಚಿಕೊಂಡು ವಿಮಾನವೇ ಬೋರಲಾದದ್ದುಂಟು. ಮುಂದೆ ಬಂದ ಸುಧಾರಿಸಿದ, ಚಕ್ರ ಹಿಡಿಯುವ ಫೋರ್ಕ್ ಹಾಕಿಸಿದ್ದಾರಾ ಎಂದು ಕೇಳಿ. ಸಮತಲ ಬಾಲದ ಮುಂದಿನ ಸ್ಪಾರ್‌ನಲ್ಲಿ (ಒಳಗಿನ ತೊಲೆಯಲ್ಲಿ) ಬಿರುಕು ನೋಡಲು ಕಂಪನಿ 2014ರಲ್ಲಿ ಸರ್ವಿಸ್ ಬುಲೆಟಿನ್ ಹೊರಡಿಸಿದೆ. 6, 7, 8 ಎಲ್ಲಕ್ಕೂ ಅದು ಅನ್ವಯ. ಲಾಗ್‌ಬುಕ್‌ನಲ್ಲಿ ಅದರ ಸುದ್ದಿ ಇಲ್ಲದಿದ್ದರೆ ಆ ಮಾಲೀಕ ಬುಲೆಟಿನ್ ಓದುವ ಪೈಕಿಯಲ್ಲ.

ತೂಕದ ಬಗ್ಗೆಯೂ ಒಂದು ಮಾತು. ಕಟ್ಟಿದವನೇ ತಯಾರಕನಾದ್ದರಿಂದ ಗರಿಷ್ಠ ತೂಕವನ್ನು ಬರೆಯುವವನೂ ಅವನೇ. ಆರ್‌ವಿ-6ಎಗೆ ಕಂಪನಿ ಹೇಳುವುದು 1,650 ಪೌಂಡ್. ಅದಕ್ಕಿಂತ ಜಾಸ್ತಿ ಬರೆದುಕೊಂಡವರಿದ್ದಾರೆ. ಬರೆದ ಮಾತ್ರಕ್ಕೆ ರೆಕ್ಕೆಗೆ ಬಲ ಬರುವುದಿಲ್ಲ. ಖಾಲಿ ತೂಕ 1,080 ಪೌಂಡ್ ಇದ್ದು, 38 ಗ್ಯಾಲನ್ ಟ್ಯಾಂಕು ತುಂಬಿಸಿದರೆ ಉಳಿಯುವುದು ಸುಮಾರು 340 ಪೌಂಡ್, ಅಂದರೆ 155 ಕಿಲೊ. ಊಟ ಬಲ್ಲ ಇಬ್ಬರು ಕೂತರೆ ಚಕ್ಕುಲಿ ಡಬ್ಬಿಗೂ ಜಾಗವಿಲ್ಲ.

ಈ ಮನೆತನದಲ್ಲೇ ಬೇರೆ ಜಾತಿಯದು ಆರ್‌ವಿ-12. ಚಿಕ್ಕದು, 100 ಅಶ್ವಶಕ್ತಿಯ ರೋಟ್ಯಾಕ್ಸ್ ಎಂಜಿನ್, ರೆಕ್ಕೆ ಬಿಚ್ಚಬಹುದು. ಇದರಲ್ಲಿ ಬಹಳಷ್ಟು ಎಕ್ಸ್‌ಪೆರಿಮೆಂಟಲ್ ಲೈಟ್ ಸ್ಪೋರ್ಟ್ ಎಂಬ ಬೇರೆ ವರ್ಗದಲ್ಲಿ ನೋಂದಾಯಿಸಿದವು. ಹಾಗೆ ನೋಂದಾಯಿಸಲು ನಕ್ಷೆಯಲ್ಲಿದ್ದ ಹಾಗೇ ಕಟ್ಟಿರಬೇಕು. ಕಟ್ಟಿದವನ ಸ್ವಂತ ಬುದ್ಧಿಗೆ ಜಾಗವಿಲ್ಲ, ನನಗೆ ಅದೇ ದೊಡ್ಡ ನೆಮ್ಮದಿ. ಇಂಥದ್ದನ್ನು ಕೊಂಡವರು ಚಿಕ್ಕ ಕೋರ್ಸ್ ಮಾಡಿ ತಮ್ಮ ವಿಮಾನದ ವಾರ್ಷಿಕ ತಪಾಸಣೆಗೆ ತಾವೇ ಸಹಿ ಹಾಕುವ ದಾರಿಯೂ ಇದೆ.

ಲಾಂಗ್-ಈಜಿ: ಕಡಿಮೆ ದುಡ್ಡಿಗೆ ದೂರದ ಓಟ

ಡೆನ್ವರ್ ಕಥೆ ಕೇಳಿ ಲಾಂಗ್-ಈಜಿ ಕೆಟ್ಟ ವಿಮಾನ ಎಂದುಕೊಂಡರೆ ಅನ್ಯಾಯ. 1979ರಲ್ಲಿ ಮೊದಲು ಹಾರಿದ ಈ ವಿನ್ಯಾಸದಲ್ಲಿ ಪುಟ್ಟ ರೆಕ್ಕೆ ಮುಂದೆ, ಎಂಜಿನ್ ಹಿಂದೆ. ಒ-235ರಂಥ ಚಿಕ್ಕ ಎಂಜಿನ್‌ನಲ್ಲೇ ಆರ್‌ವಿಗೆ ಸರಿಸಾಟಿಯಾಗಿ ಓಡುತ್ತದೆ, ಒಮ್ಮೆ ಟ್ಯಾಂಕು ತುಂಬಿಸಿದರೆ ಸಾವಿರ ಮೈಲಿ ಲೆಕ್ಕಕ್ಕಿಲ್ಲ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಕಾಂಪೋಸಿಟ್ (ನಾರು, ಅಂಟು ಸೇರಿಸಿ ಮಾಡುವ) ಕೆಲಸ ಕಲಿಯಲು 80ರ ದಶಕದಲ್ಲಿ ಎಲ್‌ಸಿಆರ್‌ಎ ಎಂಬ ವಿಮಾನ ಕಟ್ಟಿದ್ದು ಇದೇ ವಿನ್ಯಾಸದ ಮೇಲೆ.

ಆದರೆ ಇದು ಕಿಟ್ ಅಲ್ಲ, ಬರೀ ನಕ್ಷೆ. ಫೋಮನ್ನು ಬಿಸಿ ತಂತಿಯಿಂದ ಕತ್ತರಿಸಿ, ಮೇಲೆ ಗಾಜಿನ ಬಟ್ಟೆ ಹಾಸಿ, ಇಪಾಕ್ಸಿ ಅಂಟು ಬಳಿದು ಮಾಡಿದ್ದು. ರುಟಾನ್ 1985ರಲ್ಲಿ ನಕ್ಷೆ ಮಾರುವುದನ್ನೂ ನಿಲ್ಲಿಸಿದರು. ಲೋಹದಲ್ಲಿ ತಪ್ಪಾಗಿದ್ದರೆ ರಿವೆಟ್ ನೋಡಿ ಹೇಳಬಹುದು. ಇಲ್ಲಿ ತಪ್ಪು ಬಣ್ಣದ ಕೆಳಗೆ ಮಲಗಿರುತ್ತದೆ. ನಾಣ್ಯ ಹಿಡಿದು ಮೈಯೆಲ್ಲ ತಟ್ಟುತ್ತ ಹೋಗಬೇಕು, ತೆಂಗಿನಕಾಯಿ ತಟ್ಟಿ ಕೇಳುವ ಹಾಗೆ. ಟಣ್ ಎನ್ನುವುದು ಬಿಟ್ಟು ದಬ್ ಎಂದ ಕಡೆ ಪದರ ಬಿಟ್ಟುಕೊಂಡಿದೆ. ಬಿಳಿ ಬಿಟ್ಟು ಗಾಢ ಬಣ್ಣ ಬಳಿದಿದ್ದರೆ ವಾಪಸ್ ಬನ್ನಿ. ಬಿಸಿಲಿಗೆ ಇಪಾಕ್ಸಿ ಮೆತ್ತಗಾಗುತ್ತದೆ.

ಉದ್ದದ ಡಾಂಬರು ರನ್‌ವೇ ಬೇಕು. ಹುಲ್ಲು, ಜಲ್ಲಿ ಬೇಡ, ಚಕ್ರ ಎಬ್ಬಿಸಿದ ಕಲ್ಲು ನೇರ ಹಿಂದಿನ ಪ್ರೊಪೆಲರಿಗೆ ಬಡಿಯುತ್ತದೆ. ಇಷ್ಟಕ್ಕೆ ಒಪ್ಪುವವರಿಗೆ ಕಡಿಮೆ ದುಡ್ಡಿಗೆ ಇದರಷ್ಟು ದೂರ ಹೋಗುವುದು ಬೇರೆ ಇಲ್ಲ. ಕೊಳ್ಳುವ ಮುಂಚೆ ಕಣ್ಣುಮುಚ್ಚಿ ಕೂತು ಕವಾಟ, ಥ್ರಾಟಲ್, ಸ್ವಿಚ್ಚು ಎಲ್ಲಕ್ಕೂ ಕೈ ಹೋಗುತ್ತದಾ ನೋಡಿ. ಇದು ಎಲ್ಲ ವಿಮಾನಕ್ಕೂ ಅನ್ವಯ, ಇದಕ್ಕೆ ಇನ್ನೂ ಹೆಚ್ಚು.

ಕಿಟ್‌ಫಾಕ್ಸ್ ಮತ್ತು ಬಟ್ಟೆಯ ವಿಮಾನಗಳು

ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ಕಿಟ್‌ಫಾಕ್ಸ್ 1984ರಿಂದ ಇದೆ, ಈಗ ಐಡಾಹೊದ ಹೋಮ್‌ಡೇಲ್‌ನಲ್ಲಿ ತಯಾರಾಗುತ್ತದೆ. ರೆಕ್ಕೆ ಹಿಂದಕ್ಕೆ ಮಡಚಿ ಟ್ರೇಲರ್ ಮೇಲೆ ಮನೆಗೆ ತರಬಹುದು. ಹ್ಯಾಂಗರ್ ಬಾಡಿಗೆ ಕೇಳಿ ಬೆಚ್ಚಿಬಿದ್ದವರಿಗೆ ಇದರ ಬೆಲೆ ಗೊತ್ತು. ನಿಧಾನ, ಊರ ಸುತ್ತ ಸಂಜೆ ಸುತ್ತಾಡಲು, ಹೊಲದಂಥ ಜಾಗದಲ್ಲಿ ಇಳಿಯಲು.

ನೋಡಬೇಕಾದ್ದು ಮೂರು: ಕೆಳಗಿನ ಕೊಳವೆಗಳಲ್ಲಿ ತುಕ್ಕು, ಬಿಸಿಲಿಗೆ ಬಟ್ಟೆ ಸತ್ತಿದೆಯಾ, ಯಾವ ಎಂಜಿನ್. ಹಳೆಯವುಗಳಲ್ಲಿ ರೋಟ್ಯಾಕ್ಸ್ 582 ಇರುತ್ತದೆ, ಟು-ಸ್ಟ್ರೋಕ್. 300 ಗಂಟೆಗೆ ಬಿಚ್ಚಿ ಕಟ್ಟಬೇಕು ಎನ್ನುವುದು ಕಂಪನಿಯ ಲೆಕ್ಕ. ಫೋರ್-ಸ್ಟ್ರೋಕ್ 912ಕ್ಕೆ ಅದು 2,000 ಗಂಟೆ. 582 ಇರುವುದನ್ನು ಅಗ್ಗವೆಂದು ಕೊಳ್ಳುವುದು ಸವೆದ ಟಯರಿನ ಕಾರು ಕೊಂಡಂತೆ. 912 ಇದ್ದರೂ ರಬ್ಬರ್ ಪೈಪುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಿದ್ದಾರಾ ಕೇಳಿ.

ಇದೇ ಬಳಗಕ್ಕೆ ನಮ್ಮೂರಿನದೂ ಒಂದಿದೆ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಮಾಡಿದ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್, ಫ್ರಾನ್ಸ್, ಅಮೆರಿಕಕ್ಕೆಲ್ಲ ಹೋಗಿವೆ. ಮುಂದಿನ ಒಂದು ಮಾಡೆಲ್‌ಗೆ ಹನುಮಾನ್ ಎಂದೇ ಹೆಸರು. ಲಂಡನ್ ಕಡೆಯ ಕನ್ನಡಿಗರು ಹಳೆಯ ಎಕ್ಸ್-ಏರ್ ಕಂಡರೆ ಅಭಿಮಾನ ಪಡಲಿ, ಆದರೆ ಬಟ್ಟೆ, ಹೊಲಿಗೆ ಮತ್ತು ಎಂಜಿನ್ ಮೇಲಿನ ಮಾತು ಅದಕ್ಕೂ ಅನ್ವಯ.

ಲ್ಯಾಂಕೇರ್ ಎಂಬ ಕಿಟ್ ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೋಡಲು ಅಪ್ಸರೆ, ವೇಗ ಅಪಾರ, ಕಡಿಮೆ ವೇಗದಲ್ಲಿ ಕ್ಷಮೆ ಎಂಬುದಿಲ್ಲ. ಅದರ ಮಾರಣಾಂತಿಕ ಅಪಘಾತಗಳ ಬಗ್ಗೆ ಎಫ್‌ಎಎ 2009ರಲ್ಲೇ ಎಚ್ಚರಿಕೆ ಕೊಟ್ಟಿದೆ. ಐದಾರು ನೂರು ಗಂಟೆ ಹಾರದವರು ಆ ಕಡೆ ತಿರುಗಬೇಡಿ. ಜೆನಿತ್ 601 ಎಕ್ಸ್‌ಎಲ್ ಎಂಬ ಇನ್ನೊಂದು ಕಿಟ್ ವಿಮಾನ ಅಗ್ಗಕ್ಕೆ ಸಿಕ್ಕರೆ ಒಂದೇ ಪ್ರಶ್ನೆ: ಹಾರುವಾಗಲೇ ರೆಕ್ಕೆ ಮುರಿದ ಪ್ರಕರಣಗಳ ನಂತರ 2009ರಲ್ಲಿ ಬಂದ ಬಲವರ್ಧನೆ ಮಾಡಿಸಿದ್ದಾರಾ? ಫೋಟೊ ಸಮೇತ ಇಲ್ಲದಿದ್ದರೆ ಬೇಡ.

ಎಂಜಿನ್

ಆರ್‌ವಿ ಜಾಹೀರಾತುಗಳಲ್ಲಿ "ಎಂಜಿನ್ ಬರೀ 400 ಗಂಟೆ ಓಡಿದೆ" ಎಂಬ ಸಾಲು ಓದಿ ಖುಷಿಪಡಬೇಡಿ. ಎಷ್ಟು ವರ್ಷದಲ್ಲಿ 400? ಆರ್‌ವಿಗಳಲ್ಲಿ ಹೆಚ್ಚಾಗಿ ಇರುವ ಲೈಕಮಿಂಗ್ ಎಂಜಿನ್‌ನಲ್ಲಿ ಕವಾಟಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ನಿಲ್ಲಿಸಿದ ಸ್ವಲ್ಪ ದಿನಕ್ಕೆ ಎಣ್ಣೆಯೆಲ್ಲ ಕೆಳಗಿಳಿದು ಅದು ಬರಿಮೈಯಲ್ಲಿ ಉಳಿಯುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ 100 ಗಂಟೆಯಂತೆ 1,200 ಗಂಟೆ ಹಾರಿದ ಎಂಜಿನ್ನನ್ನು ನಾನು ಇಪ್ಪತ್ತು ವರ್ಷದಲ್ಲಿ 400 ಗಂಟೆ ಕಂಡದ್ದಕ್ಕಿಂತ ಮೇಲು ಎನ್ನುತ್ತೇನೆ. ಕಟ್ಟಿಹಾಕಿ ಮೇಯಿಸಿದ ಎತ್ತಿಗಿಂತ ಉತ್ತ ಎತ್ತೇ ವಾಸಿ ಎಂದು ನಮ್ಮ ಅಜ್ಜ ಜಾತ್ರೆಯಲ್ಲಿ ಹೇಳುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ಕಾರಿನ ಎಂಜಿನ್ ತಂದು ಕೂರಿಸಿದ್ದಿದ್ದರೆ ಬೆಲೆ ಗಣನೀಯವಾಗಿ ಇಳಿದಿರುತ್ತದೆ. ಅದನ್ನು ಕೂರಿಸಿದವನಿಗೆ ಅದರ ನಾಡಿ ಗೊತ್ತು, ನಿಮಗೆ ಗೊತ್ತಿಲ್ಲ. ಬಿಡಿ.

ಹ್ಯಾಂಗರ್‌ನಲ್ಲಿ ಒಂದು ಶನಿವಾರ

ಕೆಂಪು ಪಟ್ಟಿಯ 6ಎ ನೋಡಲು ಹೋದೆವು. ಜೊತೆಗೆ ಆರ್‌ವಿ ಬಲ್ಲ ಮೆಕ್ಯಾನಿಕ್ ಒಬ್ಬರು. ಸೆಸ್ನಾ ಮಾತ್ರ ಬಲ್ಲವರನ್ನು ಕರೆದೊಯ್ದು ಪ್ರಯೋಜನವಿಲ್ಲ. ಮಾರುವವರು ಮೂರನೇ ಮಾಲೀಕರು. ಕಟ್ಟಿದವರು ಎಲ್ಲಿದ್ದಾರೋ ಅವರಿಗೂ ಗೊತ್ತಿರಲಿಲ್ಲ, ಕಟ್ಟುವಾಗಿನ ಫೋಟೊ, ಟಿಪ್ಪಣಿ ಏನೂ ಇರಲಿಲ್ಲ.

ಮೆಕ್ಯಾನಿಕ್ ಮೊದಲು ನೆಲಕ್ಕೆ ಕೂತು ರೆಕ್ಕೆಯ ಅಡಿಗೆ ಟಾರ್ಚ್ ಬಿಟ್ಟರು. ಟ್ಯಾಂಕಿನ ಸಾಲು ರಿವೆಟ್‌ಗಳ ಸುತ್ತ ತಿಳಿನೀಲಿ ಕಲೆ. 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಸೋರಿದ ಕಡೆ ಅದು ಉಳಿದುಬಿಡುತ್ತದೆ. ಬಾಲದ ಹತ್ತಿರ ನಾಲ್ಕೈದು ರಿವೆಟ್‌ಗಳಿಂದ ಹಿಂದಕ್ಕೆ ಕಪ್ಪು ಹೊಗೆಯಂಥ ಗೆರೆ. ಹೊಗೆಯಲ್ಲ ಅದು, ಸಡಿಲವಾದ ರಿವೆಟ್ ಅಲುಗಾಡಿ ಅಲ್ಯೂಮಿನಿಯಂ ತೇಯ್ದ ಪುಡಿ. ಆಮೇಲೆ ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿಸಿ ಪೆಟ್ರೋಲ್ ಹೋಸ್ ಮುಟ್ಟಿ ನೋಡಲು ನನಗೆ ಹೇಳಿದರು. ಒಣಗಿದ ಬಳ್ಳಿಯ ಹಾಗೆ ಗಟ್ಟಿ, ಬೆಂಕಿ ತಡೆಯುವ ಕವಚವೇ ಇಲ್ಲ. ಕೊನೆಗೆ ಸೀಟಿನ ಕೆಳಗೆ ಕನ್ನಡಿ ಹಿಡಿದು ತೋರಿಸಿದ್ದು ಒಂದು ಬೋಲ್ಟಿನ ತಲೆ. ಪಕ್ಕದ ಬೋಲ್ಟ್‌ಗಳ ತಲೆಯ ಮೇಲೆ ವಿಮಾನದ ಬೋಲ್ಟಿಗಿರುವ ಅಡ್ಡಗೆರೆಯ ಗುರುತು; ಇದರ ಮೇಲೆ ಏನೂ ಇಲ್ಲ. ಹಾರ್ಡ್‌ವೇರ್ ಅಂಗಡಿಯದು.

"ಪೇಂಟ್ ಹೊಸದು" ಎಂದರು ಮಾರುವವರು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಂಗ್ಲಿಷಿಗೆ ತರಲು ಹೋಗದೆ ಥ್ಯಾಂಕ್ಸ್ ಹೇಳಿ ಬಂದೆವು. ಮೆಕ್ಯಾನಿಕ್ ಆ ದಿನಕ್ಕೆ ತೆಗೆದುಕೊಂಡದ್ದು ಗೆಳೆಯನಿಗೆ ಮೊದಲು ದುಬಾರಿ ಎನಿಸಿತ್ತು. ಕಾರಿನಲ್ಲಿ ವಾಪಸ್ ಬರುವಾಗ ಆ ಬಗ್ಗೆ ಮಾತಾಡಲಿಲ್ಲ.

ಕೊನೆಗೆ ಅವನು ಕೊಂಡದ್ದು ಒಂದು 9ಎ. ಬಣ್ಣ ಮಾಸಿತ್ತು, ಪ್ಲೆಕ್ಸಿಗ್ಲಾಸ್ ಮೇಲ್ಛಾವಣಿಯ ಮೂಲೆಯಲ್ಲಿ ಬೆರಳುದ್ದದ ಬಿರುಕು, ಅದು ಮುಂದೆ ಹೋಗದಂತೆ ತುದಿಗೆ ತೂತು ಕೊರೆದಿದ್ದರು. ಕಟ್ಟಿದವರೇ ಮಾರುತ್ತಿದ್ದರು, ನಿವೃತ್ತ ಶಿಕ್ಷಕರು, ಕಣ್ಣಿನ ತೊಂದರೆಯಿಂದ ಹಾರಲು ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ಸಿಕ್ಕಿರಲಿಲ್ಲ. 6ಎಗಿಂತ ಬಹಳ ಹೆಚ್ಚು ಕೇಳಿದರು, ಬಹಳ ಇಳಿಸಲೂ ಇಲ್ಲ. ಇನ್ಶೂರೆನ್ಸ್‌ನವರು ಆರ್‌ವಿ ಹಾರಿಸುವ ಇನ್‌ಸ್ಟ್ರಕ್ಟರ್ ಜೊತೆ ಹತ್ತು ಗಂಟೆ ಹಾರಲೇಬೇಕೆಂದು ಷರತ್ತು ಹಾಕಿದರು. ಹಾಕದಿದ್ದರೂ ನಾನು ಬಿಡುತ್ತಿರಲಿಲ್ಲ.

ಕೀಲಿ ಕೊಡುವ ದಿನ ಆ ಹಿರಿಯರು ಮೂರು ದಪ್ಪ ಫೈಲುಗಳನ್ನು ರೆಕ್ಕೆಯ ಮೇಲೆ ಇಟ್ಟರು. ಪ್ರತಿ ಪುಟದಲ್ಲೂ ತಾರೀಖು, ಫೋಟೊ, ಎಷ್ಟು ಗಂಟೆ ಕೆಲಸ ಎಂಬ ಲೆಕ್ಕ. ಒಂದು ಕಡೆ ಕೆಂಪು ಶಾಯಿಯಲ್ಲಿ "ಈ ಪಕ್ಕೆಲುಬು ಹಾಳು ಮಾಡಿದೆ, ಹೊಸದು ತರಿಸಿದೆ" ಎಂದೂ ಇತ್ತು. ಹೊರಡುವ ಹೊತ್ತಿಗೆ ನೆನಪಾದವರಂತೆ ಮತ್ತೆ ಕರೆದರು.

"ಎಡ ಟ್ಯಾಂಕಿನ ಗೇಜು ಮೂರು ಗ್ಯಾಲನ್ ಜಾಸ್ತಿ ತೋರಿಸುತ್ತೆ. ಅದನ್ನ ನಂಬಬೇಡಿ, ಕಡ್ಡಿ ಹಾಕಿ ನೋಡಿ."

ಗೆಳೆಯ ಜೇಬಿನಿಂದ ಪೆನ್ನು ತೆಗೆದು ಚೆಕ್‌ಲಿಸ್ಟಿನ ಮೊದಲ ಸಾಲಿಗೆ ಅದನ್ನು ಬರೆದುಕೊಂಡ.